ಆಟಕ್ಕೆ ಬಿಟ್ಟುಕೊಟ್ಟ ತಿಂಗಳು

ರುದ್ರೇಶನ ಗೇಮ್ ಮೆಮೊರಿ ಸಾಲದೆ ತೆವಳತೊಡಗಿದರೆ ಮನೆಯವರು ತಮ್ಮ ತಲೆಯೊಳಗಿನ ಜಾಗ ಬಿಟ್ಟುಕೊಡುವುದು ವಾಡಿಕೆ. ಅವನ ತಾಯಿ ತಮ್ಮ ತವರಿನ ನೆನಪನ್ನೆಲ್ಲ ಎಂದೋ ಕೊಟ್ಟಿದ್ದರು. ಫೈನಲ್ ದಿನ ಸೊಸೆ ವಿನುತಾಳ ಸರದಿ ಬಂತು.

“ಅಣ್ಣ ತೀರ್ಕೊಂಡ ತಿಂಗಳು ಕೊಟ್ಬಿಡಿ ಅತ್ತಿಗೆ. ಇಟ್ಕೊಂಡು ಅಳೋದು ಬಿಟ್ರೆ ಏನ್ಮಾಡ್ತೀರಿ?” ಎಂದ ಮೈದುನ ರುದ್ರೇಶ.

ಆ ಆಸ್ಪತ್ರೆ, ಆ ವಾಸನೆ ಅವಳಿಗೂ ಬೇಡವಾಗಿತ್ತು. ಕಿವಿಯ ಹಿಂದೆ ವೈರು ಸಿಕ್ಕಿಸಿಕೊಂಡಳು. ಮೆಮೊರಿ ಹೆಚ್ಚಿತು, ಪರದೆಯ ಮೇಲಿನ ಕುದುರೆ ನಾಗಾಲೋಟಕ್ಕೆ ಬಿತ್ತು.

ವಿನುತಾ ಎದ್ದು ಹೋಗಿ ಊಟಕ್ಕೆ ನಾಲ್ಕು ತಟ್ಟೆ ಇಟ್ಟಳು. ಬಾಗಿಲ ಕಡೆ ನೋಡಿದಳು.

“ನಿಮ್ಮಣ್ಣ ಇನ್ನೂ ಬಂದಿಲ್ವಲ್ಲ, ಒಂದು ಫೋನ್ ಮಾಡಪ್ಪ.”

ಅತ್ತೆ ಏನೋ ಹೇಳಲು ಬಾಯಿ ತೆರೆದರು. ರುದ್ರೇಶ ಪರದೆಯಿಂದ ಕಣ್ಣು ಕೀಳದೆ ತಗ್ಗಿದ ದನಿಯಲ್ಲಿ ಹೇಳಿದ:

“ಈಗ್ಲೇ ಹೇಳ್ಬೇಡಮ್ಮ. ಗೊತ್ತಾದ್ರೆ ಮತ್ತೆ ಜಾಗ ತುಂಬ್ಕೊಳ್ಳುತ್ತೆ. ಮ್ಯಾಚ್ ಮುಗೀಲಿ.”