ಬೂರಲ ಹತ್ತಿಯ ರಜಾಯಿ

ಬಿಚ್ಚಿದ ರಜಾಯಿಯೊಳಗೆ ಮೌಲಾಲಿ ಹತ್ತಿ ಪಿಂಜುವ ಬಿಲ್ಲನ್ನು ಮೀಟಿದ್ದು ಒಂದೇ ಸಲ. ಅಷ್ಟಕ್ಕೇ ಪಡಸಾಲೆಯ ತುಂಬ ಸಣ್ಣ ಸಣ್ಣ ಬಿಳಿ ಗರಿಗಳು ಎದ್ದವು. ಜಮಖಾನೆಯ ಮೇಲೆ, ದೇವರ ಫೋಟೋದ ಮೇಲೆ, ಎದುರಿಗೆ ಕುಳಿತಿದ್ದ ಗೋದಾಬಾಯಿಯ ನೆರೆತ ಕೂದಲ ಮೇಲೆ ಎಲ್ಲೆಂದರಲ್ಲಿ ಕೂತವು. ಮೂವತ್ತು ವರ್ಷ ಹುಬ್ಬಳ್ಳಿಯ ಓಣಿ ಓಣಿ ತಿರುಗಿ ಹತ್ತಿ ಪಿಂಜಿದ ಮೌಲಾಲಿ ತೆರೆದ ಬಾಯಿ ಮುಚ್ಚುವುದನ್ನೇ ಮರೆತ. ಒಂದು ಗರಿ ಅಲ್ಲಿಗೂ ಹೋಯಿತು.

"ಬಾಯಾರ, ಇದು ಹತ್ತಿ ಅಲ್ಲರಿ," ಎಂದ ಕೆಮ್ಮುತ್ತ. "ಬಾತುಕೋಳಿದೋ ಯಾತರದೋ, ಹಕ್ಕಿ ಪುಕ್ಕ ಐತಿ."

"ಏನಂತೀಯೋ? ಗಿಡದಾಗ ಬಿಡೋ ಬೂರಲ ಹತ್ತಿ ಅಂತ ನಮ್ಮ ಸೊಸಿ ವಿದ್ಯಾ ಹೇಳ್ಯಾಳ."

"ನಾನೂ ಹಂಗ ತಿಳಕೊಂಡೆರಿ. ಕೈಯಾಗ ಅಷ್ಟ ಹಗರ ಇತ್ತಲ್ಲ."

ಗೋದಾಬಾಯಿ ತಲೆಯ ಮೇಲಿನ ಗರಿಗಳನ್ನು ಝಾಡಿಸಿಕೊಂಡರು. ದೇಶಪಾಂಡೆ ನಗರದ ಆ ಮನೆಯ ಹೊಸ್ತಿಲನ್ನು ಕೋಳಿಮೊಟ್ಟೆ ಕೂಡ ದಾಟಿದ್ದಿಲ್ಲ. ಅಂಥದ್ದರಲ್ಲಿ ಅವರು ಎರಡು ತಿಂಗಳಿಂದ ಹಕ್ಕಿಯ ಪುಕ್ಕ ಹೊದ್ದು ಮಲಗಿದ್ದರು, ಅದೂ ಗೊರಕೆ ಹೊಡೆದು.

ಹೋದ ವರ್ಷ ಎದೆಯ ಆಪರೇಷನ್ ಆದಮೇಲೆ ಅವರಿಗೆ ಕೌದಿಯ ಭಾರ ತಡೆಯುತ್ತಿರಲಿಲ್ಲ. ಹೊದ್ದರೆ ಉಸಿರು ಕಟ್ಟುವುದು, ತೆಗೆದರೆ ನಡುಕ. ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದರು. ಅದನ್ನು ನೋಡಲಾರದೆ ಸೊಸೆ ವಿದ್ಯಾ, ಮುಂಡಗೋಡದಿಂದ ಬಂದು ಸ್ವೆಟರ್ ಮಾರುವ ಟಿಬೆಟಿಯರ ಟೆಂಟಿಗೆ ಹೋಗಿ, ಹತ್ತು ರಜಾಯಿ ಬಿಡಿಸಿ ನೋಡಿ, ಅಂಗೈಯಿಂದ ಒತ್ತಿದರೂ ತಾನೇ ಮತ್ತೆ ಉಬ್ಬುವಂಥ ಒಂದನ್ನು ಆರಿಸಿ ತಂದಿದ್ದಳು. "ಬಿಸಲಿಗೆ ಹಾಕಿದ್ರ ಸಾಕ್ರಿ ಅತ್ಯಾ, ನೀರಿಗೆ ಮಾತ್ರ ಹಾಕಬ್ಯಾಡ್ರಿ" ಎಂದು ಮತ್ತೆ ಮತ್ತೆ ಹೇಳಿದ್ದಳು.

ಆದರೆ ಅವಳು ನಾಲ್ಕು ದಿನಕ್ಕೆಂದು ಧಾರವಾಡದ ತವರಿಗೆ ಹೋದಾಗಲೇ ಚಂದ್ರಗ್ರಹಣ ಬಂತು. ಗ್ರಹಣ ಬಿಟ್ಟಮೇಲೆ ಹಾಸಿಗೆ ಹೊದಿಕೆ ಒಗೆಯದೆ ಗೋದಾಬಾಯಿಗೆ ನೀರೂ ಗಂಟಲಲ್ಲಿ ಇಳಿಯದು. ರಜಾಯಿಯನ್ನು ಬಿಸಿನೀರು, ಸೋಡಾದಲ್ಲಿ ನೆನೆಸಿ, ಕೆಲಸದವಳಿಗೆ ಹೇಳಿ ಕಲ್ಲಿಗೆ ಎತ್ತೆತ್ತಿ ಬಡಿಸಿದರು. ಒಣಗಿದಾಗ ಒಳಗೆಲ್ಲ ಉಂಡೆ ಉಂಡೆ. ಮೂರು ರಾತ್ರಿ ಮತ್ತೆ ಗೋಡೆಗೆ ಒರಗಿ ಕೂತದ್ದಾಯಿತು. ಸೊಸೆ ಬರುವುದರೊಳಗೆ ಪಿಂಜಿಸಿ ಮೊದಲಿನಂತೆ ಮಾಡಿಬಿಡೋಣವೆಂದು ಇವತ್ತು ಮೌಲಾಲಿಯನ್ನು ಕರೆಸಿದ್ದರು.

"ಒಯ್ದು ಎಲ್ಲ್ಯರೆ ಚೆಲ್ಲಿ ಬಾ ಇದನ್ನ. ಮನಿ ಎಲ್ಲಾ ಮೈಲಿಗಿ ಆತು," ಎಂದರು. ಮೈಲಿಗೆಗಿಂತ, ಮನೆಯ ಸೊಸೆಯೇ ತಮಗೆ ಸುಳ್ಳು ಹೇಳಿದಳಲ್ಲ ಎಂಬುದೇ ಹೆಚ್ಚು ನೋಯುತ್ತಿತ್ತು.

ಮೌಲಾಲಿ ಏಳಲಿಲ್ಲ. ಬಿಲ್ಲಿನ ದಾರವನ್ನು ಬೆರಳಿಂದ ಸವರಿದ.

"ಒಂದ ಮಾತ ಹೇಳತೇನಿ, ಸಿಟ್ಟ ಆಗಬ್ಯಾಡ್ರಿ ಬಾಯಾರ. ಇದು ದಾರ ಅಲ್ಲರಿ, ಆಡಿನ ಕರಳು. ನಿಮ್ಮ ಮನ್ಯಾಗಿನ ಗಾದಿ, ತಲಿದಿಂಬು, ಎಲ್ಲಾದರ ಹತ್ತಿನೂ ಇದರಾಗ ಪಿಂಜೇನಿ."

"ಅಯ್ಯ ನಿನ್ನ! ಇಷ್ಟ ವರ್ಷ ಯಾಕ ಹೇಳಲಿಲ್ಲೋ?"

"ನೀವು ಕೇಳಲಿಲ್ಲರಿ. ಛಲೋ ನಿದ್ದಿ ಬಂತು ಅಂತ ಅಷ್ಟ ಹೇಳತಿದ್ರಿ."

ಗೋದಾಬಾಯಿ ಒಳಕೋಣೆಯಲ್ಲಿದ್ದ ತಮ್ಮ ಗಾದಿಯನ್ನೊಮ್ಮೆ ನೋಡಿದರು, ಉಂಡೆಗಟ್ಟಿದ ರಜಾಯಿಯನ್ನೊಮ್ಮೆ ನೋಡಿದರು. ಆಮೇಲೆ ಎದ್ದು ಹೋಗಿ, ಗರಿಗಳು ಬೀದಿ ಪಾಲಾಗದಂತೆ ಕಿಟಕಿಗಳನ್ನೆಲ್ಲ ಮುಚ್ಚಿ ಬಂದರು.

"ಬಿಲ್ಲ ಬ್ಯಾಡ. ಕೈಲೆ ಬಿಡಸ್ಲಿಕ್ಕೆ ಬರ್ತದೇನು?"

"ಯಾಕ ಬರೂದಿಲ್ಲರಿ? ಬಿಡಿಸಿ, ತುಂಬಿ, ಚೌಕ ಚೌಕ ಹೊಲದ ಕೊಡತೇನಿ. ಒಂದ ಮೂಲಿಗೆ ಹೋಗಿ ಕೂಡೂದಿಲ್ಲ. ಇನ್ನ ಮ್ಯಾಲೆ ಕಲ್ಲಿಗೆ ಮಾತ್ರ ಬಡಸಬ್ಯಾಡ್ರಿ."

ಇಬ್ಬರೂ ಎದುರುಬದುರು ಕುಳಿತು ಉಂಡೆ ಬಿಡಿಸತೊಡಗಿದರು. ಬೆರಳಿಗೆ ಸಿಕ್ಕ ಗಂಟು ಸಡಿಲಾಗಿ ಅಂಗೈ ತುಂಬ ಅರಳಿದಾಗಲೆಲ್ಲ ಗೋದಾಬಾಯಿಗೆ ಒಳಗೊಳಗೇ ಹಿಗ್ಗು. ಮಧ್ಯಾಹ್ನದ ಹೊತ್ತಿಗೆ ಜಮಖಾನೆಯ ಮೇಲೆ ಮೊಣಕಾಲೆತ್ತರದ ಗುಡ್ಡೆಯಾಯಿತು.

ಆಗ ಬಾಗಿಲು ತೆರೆಯಿತು. ಹೆಗಲಲ್ಲಿ ಬ್ಯಾಗು ಹೊತ್ತ ವಿದ್ಯಾ ಹೊಸ್ತಿಲಲ್ಲೇ ನಿಂತಳು. ಬಿಚ್ಚಿದ ರಜಾಯಿ, ಗರಿಯ ಗುಡ್ಡೆ, ಅತ್ತೆಯ ಮುಖ ಒಂದೊಂದನ್ನೇ ನೋಡಿದಳು. ಗುಟ್ಟು ರಟ್ಟಾಗಿತ್ತು. ಬೆಳಗಿನಿಂದ ಇಲ್ಲದ ಕರೆಂಟು ಬರಬೇಕಾದದ್ದೂ ಆಗಲೇ. ತಲೆಯ ಮೇಲಿನ ಫ್ಯಾನು ಗರಗರನೆ ತಿರುಗಿತು, ಗುಡ್ಡೆ ಅನಾಮತ್ತಾಗಿ ಮೇಲೆದ್ದಿತು.

"ಅತ್ಯಾ... ಖರೇ ಹೇಳಿದ್ರ ನೀವು ಹೊದ್ಕೋತಿದ್ದಿಲ್ಲ, ಅದಕ್ಕ ನಾ..." ವಿದ್ಯಾಳ ಕಣ್ಣು ತುಂಬಿದವು.

"ಸುಳ್ಳ ಹೇಳಿದ್ದು ಆಮ್ಯಾಲೆ ನೋಡೋಣು," ಎರಡೂ ಕೈ ಮೇಲೆತ್ತಿ ಗರಿಗಳನ್ನು ಹಿಡಿಯುತ್ತ ಗೋದಾಬಾಯಿ ಗದರಿದರು. "ಮೊದಲ ಆ ಫ್ಯಾನ್ ಬಂದ್ ಮಾಡ, ನಮ್ಮವ್ವಾ! ಇವತ್ತ ರಾತ್ರಿ ನಾ ಏನ ಹೊದ್ಕೊಂಡ ಮಲಗಲಿ?"