ಕೇಳದ ಸಿಳ್ಳೆ

"ರೀ, ಆ ಸಿಳ್ಳೆ ನಿಲ್ಲಿಸಿ, ತಲೆ ಸಿಡೀತಾ ಇದೆ!"

ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಅವಳು ಎರಡೂ ಕಿವಿ ಮುಚ್ಚಿಕೊಂಡಳು. ಗಂಡ ಕೈಯಾರೆ ಕಟ್ಟಿದ ಆಂಪ್ಲಿಫೈಯರ್ ಮೇಜಿನ ಮೇಲೆ ಮುಚ್ಚಳವಿಲ್ಲದೆ, ವೈರುಗಳ ಕರುಳು ಹೊರಚಾಚಿಕೊಂಡು ಬಿದ್ದಿತ್ತು. ಅವನು ತಲೆ ಎತ್ತಿ, "ಯಾವ ಸಿಳ್ಳೆ?" ಅಂದ.

"ಯಾವ ಸಿಳ್ಳೆ ಅಂದ್ರೆ? ಸ್ಪೀಕರಿಂದ ಬರ್ತಿದೆಯಲ್ಲ, ಕಿವಿಯೊಳಗೆ ಸೊಳ್ಳೆ ಹೊಕ್ಕ ಹಾಗೆ."

"ಗುಂಯ್ ಅಂತಿದ್ದದ್ದಾ? ಅದು ಬೆಳಿಗ್ಗೆನೇ ಹೋಯ್ತಲ್ಲೇ. ಅರ್ಥ್ ವೈರೆಲ್ಲ ಒಂದೇ ಕಡೆ ತಂದು ಸೇರಿಸಿದೆ, ತೆಪ್ಪಗಾಯ್ತು." ಹಾಗಂದವನು ಸ್ಪೀಕರಿಗೆ ಕಿವಿ ಹಚ್ಚಿದ. ಒಂದು ಕಿವಿ ಆಯಿತು, ಇನ್ನೊಂದು ಕಿವಿ ಆಯಿತು. ಆಮೇಲೆ ಸ್ವಿಚ್ ಆರಿಸಿದ. "ಈಗ?"

"ಇಲ್ಲ."

ಮತ್ತೆ ಹಾಕಿದ. "ಈಗ?"

"ಬಂತು ನೋಡಿ, ಅದೇ."

ಅವನ ಮುಖದ ಕಳೆ ಇಳಿದುಹೋಯಿತು. "ಅದಕ್ಕೇ ಇದು ಸುಮ್ಮನೆ ಕೂತಿದ್ರೂ ಕಾದ ಹೆಂಚಿನ ಹಾಗಾಗ್ತಿತ್ತು. ಯಾಕಪ್ಪಾ ಅಂತ ತಲೆ ಕೆಡಿಸ್ಕೊಂಡಿದ್ದೆ. ತನ್ನಷ್ಟಕ್ಕೆ ತಾನೇ ಕೂಗ್ತಾ ಇದೆ ಇದು. ನನಗೆ ಕೇಳಿಸ್ತಿಲ್ಲ, ಅಷ್ಟೆ."

ಜೀವಮಾನವೆಲ್ಲ ಬಟ್ಟೆ ಮಿಲ್ಲಿನಲ್ಲಿ ಮಗ್ಗ ರಿಪೇರಿ ಮಾಡಿದವನು ಅವನು. ಆ ಗದ್ದಲ ಕೀರಲು ಸದ್ದು ಕೇಳುವ ಅವನ ಶಕ್ತಿಯನ್ನು ಯಾವಾಗ ತಿಂದು ಹಾಕಿತ್ತೋ ಅವನಿಗೇ ಗೊತ್ತಿರಲಿಲ್ಲ. ಅವಳಾದರೋ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನೆಲ್ಲ ಊರವರಿಗೆ ದಾಟಿಸಿದವಳು. ಅವನು ಪಾಳಿ ಮುಗಿಸಿ ಬರುವ ಹೊತ್ತಿಗೆ ಅವಳು ಕೆಲಸಕ್ಕೆ ಹೊರಟಿರುತ್ತಿದ್ದಳು. ರಿಟೈರ್ ಆಗಲಿ, ಎದುರುಬದುರು ಕೂತು ಹೊಟ್ಟೆ ತುಂಬ ಮಾತಾಡೋಣ ಎಂದು ಹೊಸ್ತಿಲಲ್ಲೇ ಹೇಳಿಕೊಂಡು ವರ್ಷಗಳನ್ನು ಕಳೆದಿದ್ದರು. ರಿಟೈರೇನೋ ಆಯಿತು. ಅವನು ಈ ಕೋಣೆ ಹೊಕ್ಕು ಕೂತ. ಅವಳು ಏನು ಹೇಳಿದರೂ "ಹ್ಞೂಂ." ಒಮ್ಮೊಮ್ಮೆ ಅದೂ ಇಲ್ಲ. ಗೋಡೆಗೆ ಹೇಳಿದ ಹಾಗೆ ಹೇಳಿ ಹೇಳಿ ಸಾಕಾಗಿ, ಅವಳು ಒಂದೊಂದೇ ಮಾತನ್ನು ನುಂಗಿಕೊಳ್ಳಲು ಕಲಿತಿದ್ದಳು.

"ಇವಳೇ," ಅಂದ ಅವನು, ಮೇಜಿನ ಕಡೆಗೇ ನೋಡುತ್ತ. "ನೀನು ಅಡುಗೆಮನೆಯಿಂದ ಕರೆದಾಗ ನಾನು ಓಗೊಡದೆ ಇದ್ದದ್ದಿದೆಯಾ?"

ಇದೆಯಾ ಅಂತ ಬೇರೆ ಕೇಳ್ತೀರಲ್ಲ ಎನ್ನಲು ಬಾಯಿ ತೆರೆದವಳು ಹಾಗೇ ನಿಂತಳು. ಎಷ್ಟೊಂದು ಸಂಜೆಗಳಲ್ಲಿ ಅಸಡ್ಡೆ ಅಂದುಕೊಂಡು ಅತ್ತಿದ್ದಳು! "ಒಂದೊಂದ್ಸಲ," ಅಂದಳು.

"ಇವಳ್ಯಾಕೋ ಮಾತು ಕಡಿಮೆ ಮಾಡಿಬಿಟ್ಟಳು, ನನ್ನ ಮೇಲೆ ಬೇಜಾರು ಅಂತ ನಾನಂದ್ಕೊಂಡಿದ್ದೆ."

ಆಮೇಲೆ ಅವನು ಸ್ಟೂಲಿನ ಮೇಲಿದ್ದ ಡಬ್ಬಿಗಳನ್ನು ನೆಲಕ್ಕಿಳಿಸಿ, ಅಂಗೈಯಿಂದ ಧೂಳು ಒರೆಸಿದ. "ಬಾ, ಕೂತ್ಕೋ. ಕಿವಿ ನಿನ್ನದು, ಕೈ ನಂದು."

ಅವಳು ಕೂತಳು. ಆ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು. ಅವನು ಮರದ ಕಡ್ಡಿಯಿಂದ ಒಂದು ವೈರನ್ನು ಎತ್ತಿ ತೋರಿಸಿದ. "ಇದು ಒಳಗೆ ಬರೋದು, ಅದು ಹೊರಗೆ ಹೋಗೋದು. ಎರಡೂ ಮೈಗೆ ಮೈ ತಾಗಿಸ್ಕೊಂಡಿದ್ರೆ ಹೋದ ಸದ್ದು ಮತ್ತೆ ಒಳಕ್ಕೇ ನುಸುಳುತ್ತೆ. ಅಲ್ಲಿಂದ ಶುರು ಇದರ ಕೂಗಾಟ." ವೈರನ್ನು ಮೆಲ್ಲಗೆ ಸರಿಸಿದ. "ಹೇಳು."

"ಸಣ್ಣಗಾಯ್ತು... ಅಯ್ಯೋ, ಜೋರಾಯ್ತು. ಸಣ್ಣಗಾಗಿದ್ದ ಕಡೆಗೇ ತನ್ನಿ. ಹಾಂ, ಅಲ್ಲೇ."

ಹೀಗೆ ಮಧ್ಯಾಹ್ನ ಜಾರಿತು. ಸೋಲ್ಡರಿಂಗ್ ಐರನ್ನಿನ ತುದಿಯಿಂದ ಹೊಗೆಯ ಎಳೆ ಎದ್ದಾಗಲೆಲ್ಲ ಅವನು ಊದಿ ಅದನ್ನು ಅವಳಿಂದ ಆಚೆ ಓಡಿಸುತ್ತಿದ್ದ. ಒಂದು ಬೆಸುಗೆಗೂ ಇನ್ನೊಂದು ಬೆಸುಗೆಗೂ ನಡುವೆ ಮಾತು ಬಂತು. ಮಿಲ್ಲಿನಲ್ಲಿ ಕೈಸನ್ನೆಯಲ್ಲೇ ಜಗಳವಾಡುತ್ತಿದ್ದ ಜೊತೆಗಾರರ ಕಥೆಯನ್ನು ಅವನು ಹೇಳಿದ. ಅವಳು ಬಿದ್ದು ಬಿದ್ದು ನಕ್ಕಳು. ಅವಳು ಎಕ್ಸ್‌ಚೇಂಜಿನ ಕಥೆ ತೆಗೆದಳು. ಯಾರೂ ಎತ್ತದ ಒಂದು ನಂಬರಿಗೆ ದಿನಾ ಲೈನ್ ಕೇಳುತ್ತಿದ್ದ ಒಬ್ಬಾತ, ಕೊನೆಗೊಂದು ದಿನ...

"ತಡಿ, ತಡಿ, ಇದೊಂದು ಕೂರಿಸಿಬಿಡ್ತೀನಿ." ಮೆಣಸಿನ ಕಾಳಿನಷ್ಟು ಚಿಕ್ಕ ಕೆಪಾಸಿಟರನ್ನು ಅವನು ಚಿಮುಟದಲ್ಲಿ ಹಿಡಿದು ಬೆಸೆದ. ಅವನ ಮೊಣಕೈ ಅವಳ ತೋಳಿಗೆ ತಾಗಿಯೇ ಇತ್ತು. ಸ್ವಿಚ್ ಹಾಕಿ, ಅವಳ ಮುಖ ನೋಡಿದ.

ಸಿಳ್ಳೆ ನಿಂತಿತ್ತು. ಪೂರ್ತಿ ನಿಂತಿತ್ತು. ಕೋಣೆಯಲ್ಲಿ ಎಷ್ಟು ನಿಶ್ಶಬ್ದವೆಂದರೆ ಅವನು ಉಸಿರು ಬಿಗಿಹಿಡಿದು ಕಾಯುತ್ತಿರುವುದು ಕೂಡ ಅವಳಿಗೆ ಕೇಳಿಸುವಂತಿತ್ತು. ಹೋಯ್ತು ಅಂದರೆ ಮುಗಿಯಿತು. ಅವನು ಮುಚ್ಚಳ ಹಾಕಿ ಸ್ಕ್ರೂ ಬಿಗಿಯುತ್ತಾನೆ. ಅವಳು ಎದ್ದು ಒಣಗಿದ ಬಟ್ಟೆ ತೆಗೆಯಲು ಹೋಗುತ್ತಾಳೆ.

"ಹೋಯ್ತಾ?" ಅಂದ.

"ಇಲ್ಲ," ಅಂದಳು ಅವಳು. "ತುಂಬಾ ಸಣ್ಣಗೆ... ಎಲ್ಲೋ ದೂರದಲ್ಲಿ. ಇನ್ನೂ ಇದೆ."

"ಹಾಗಾದ್ರೆ ಏಳ್ಬೇಡ, ಕೂತಿರು." ಅವನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ. "ಸ್ವಲ್ಪ ಜೋರಾಗಿ ಹೇಳು. ಕೊನೆಗೊಂದು ದಿನ ಏನಾಯ್ತು?"