ಊಟಕ್ಕ ಕರೀಬ್ಯಾಡ್ರಿ

ತಿಂದರೆ ಮಾತ್ರ ತೂಕ ಏರುತ್ತಿದ್ದ ಕಾಲ ಹುಬ್ಬಳ್ಳಿಯಲ್ಲಿ ಎಂದೋ ಮುಗಿದಿತ್ತು. ಈಗ ಯಾರಾದರೂ ಮನಸಾರೆ ಊಟಕ್ಕೆ ಕರೆದರೆ ಸಾಕು, ತುತ್ತು ಬಾಯಿಗಿಡದಿದ್ದರೂ ಅದು ಮೈಗೆ ಹತ್ತುತ್ತಿತ್ತು. ಬಾಯಿತುದಿಯ ಉಪಚಾರಕ್ಕೆ ಮಾತ್ರ ಏನೂ ಆಗುತ್ತಿರಲಿಲ್ಲ.

ತೂಕ ತೊಂಬತ್ತು ಕಿಲೋ ದಾಟಿದರೆ ಮೊಣಕಾಲಿನ ಆಪರೇಷನ್ ಮಾಡುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಮಡಿವಾಳಪ್ಪ ಗಂಜಿ ಕುಡಿದು, ಕರೆದವರಿಗೆಲ್ಲ ಬೈದು, ಅಂತೂ ತೊಂಬತ್ತಕ್ಕೆ ಇಳಿದಿದ್ದ. ನಾಳೆ ಆಸ್ಪತ್ರೆಯಲ್ಲಿ ತೂಗುವವರಿದ್ದರು.

ಅವನು ಕುಂಟುತ್ತಾ ಓಣಿಗೆ ಬಂದಾಗ ಅಂಗಡಿಯ ಫಕೀರೇಶ ಕೂಗಿದ, "ಬರ್ರಿ ಕಾಕಾ, ಬಿಸಿ ಮಿರ್ಚಿ ಅದಾವ!"

"ಬಾಯಿ ಮುಚ್ಚಲೇ! ನೀ ಮಿರ್ಚಿ ಕರಿ, ನನ್ನ ಕರೀಬ್ಯಾಡ!"

ಮನೆಯಲ್ಲಿ ತಂಗಿ ನೀಲವ್ವ, ಮಾತು ಕೊಟ್ಟಂತೆ, ಊಟಕ್ಕೆ ಕರೆಯಲಿಲ್ಲ. ಅಡುಗೆಮನೆಗೆ ಚಿಲಕ ಹಾಕಿ ಬತ್ತಿ ಹೊಸೆಯುತ್ತಾ ಕುಳಿತಿದ್ದಳು. ಒಳಗಿನಿಂದ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು.

ಮಡಿವಾಳಪ್ಪ ತೂಕದ ಮಷೀನಿನ ಮೇಲೆ ನಿಂತ. ಮುಳ್ಳು ತೊಂಬತ್ತರಲ್ಲೇ ಇತ್ತು. ನೀಲವ್ವ ಅವನ ಬಾಡಿದ ಮುಖ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುಳ್ಳು ಮೆಲ್ಲಗೆ ತೊಂಬತ್ತೊಂದಕ್ಕೆ ಸರಿಯಿತು.

"ಊಟಕ್ಕ ಕರದಿಯೇನ?"

"ಇಲ್ಲೋ ಅಣ್ಣಾ. ಬಾಯಿ ಪಿಟ್ಟೆಂದಿಲ್ಲ."

"ಮತ್ತ ಇದ್ಯಾಕ ಏರತೈತಿ?"

ನೀಲವ್ವ ಅಳತೊಡಗಿದಳು. "ಬಾಯಿ ಕಟ್ಟೀನಿ. ನೀ ಹಸದ ನಿಂತಿದ್ದು ನೋಡಿದ್ರ ಮನಸ್ಸು ಕೇಳಬೇಕಲ್ಲ?"

ಅವನು ಗೋಡೆ ಹಿಡಿದು, ನೋಯುವ ಕಾಲು ಚಾಚಿ ಕುಳಿತ.

"ಚಿಲಕ ತಗಿ," ಎಂದ. "ಹೆಂಗೂ ಮೈಗೆ ಹತ್ತಿಬಿಟ್ಟೈತಿ. ನಾಲಗಿಗೂ ಒಂದೀಟು ಹತ್ತಲಿ, ಬಡಸು."